ಎಲೆ ಉದುರಿದ ಮೇಲೆ ಕಟ್ಟಿದ ಬೆಲೆ

ಹೊಸೂರಿನ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ನನ್ನ ವಯಸ್ಸಿನವರಿಗೆ ದನದ ಜಾತ್ರೆ ಹೊಸದಲ್ಲ. ತಂದೆಯವರು ಎತ್ತು ಕೊಳ್ಳಲು ಹೊರಟರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡುವುದು, ಮೈಮೇಲಿನ ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುವುದು, ಆಮೇಲೆ ಟವೆಲಿನ ಮರೆಯಲ್ಲಿ ದಳ್ಳಾಳಿಯ ಬೆರಳು ಹಿಡಿದು ಬೆಲೆ ಹೇಳುವುದು. ಇಷ್ಟೂ ಅವರಿಂದ ಕಂಡು ಕಲಿತದ್ದು. ಕನ್ನಡ ಶಾಲೆಯಲ್ಲಿ 32 ವರ್ಷ ಪಾಠ ಹೇಳಿ ನಿವೃತ್ತನಾದ ನನಗೆ ಆ ವಿದ್ಯೆ ಮತ್ತೆ ಬೇಕಾದುದು ಜಪಾನಿನಲ್ಲಿ, ಅದೂ ಕುಂಡದಲ್ಲಿ ಬೆಳೆದ ಒಂದು ಮರದ ಮುಂದೆ.

ಮಗಳು ಟೋಕಿಯೋ ನಗರದ ಉತ್ತರಕ್ಕಿರುವ ಸೈತಾಮಾದಲ್ಲಿ ಉದ್ಯೋಗದಲ್ಲಿದ್ದಾಳೆ. ನವೆಂಬರ್ ನಡುವಿನಲ್ಲಿ ನಾನು ಅವಳ ಮನೆಗೆ ಹೋದೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದರು. ಅವರ ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. ಅಂಗಳದ ಹಲಗೆಯ ಮೇಲೆ ಅವರು ಸಾಕಿದ್ದ ಒಂದು ಮೇಪಲ್ ಮರವಿತ್ತು. ಜಪಾನಿನವರು ಅದನ್ನು ಮೊಮಿಜಿ ಎನ್ನುತ್ತಾರೆ. ಎತ್ತರ ಒಂದೂವರೆ ಅಡಿ. ಆದರೆ ನೋಡಿದರೆ ಬೆಟ್ಟದ ತಪ್ಪಲಿನಲ್ಲಿ ನಿಂತ ಹೆಮ್ಮರದಂತೆ. ನಾನು ಮೊದಲು ಕಂಡಾಗ ಎಲೆಗಳೆಲ್ಲ ಕುಂಕುಮದ ಬಣ್ಣಕ್ಕೆ ತಿರುಗಿದ್ದವು.

ಅಜ್ಜಿ ಮಾರ್ಚ್ ತಿಂಗಳಲ್ಲಿ ಮನೆ ತೆರವು ಮಾಡಿ ವೃದ್ಧರ ವಸತಿಗೆ ಹೋಗುವವರಿದ್ದರು. ಅಲ್ಲಿ ಕುಂಡಕ್ಕೆ ಜಾಗವಿಲ್ಲ. ಮರವನ್ನು ನೀವೇ ಕೊಳ್ಳುವಿರಾ ಎಂದು ಮಗಳನ್ನು ಕೇಳಿದರು. ಪುಕ್ಕಟೆ ಕೊಟ್ಟರೆ ಮರಕ್ಕೆ ಅವಮಾನವೆಂಬುದು ಅವರ ಭಾವನೆ. ಬೆಲೆ ಎಷ್ಟೆಂದು ಮಾತ್ರ ಅವರಿಗೂ ತಿಳಿಯದು.

“ಅಪ್ಪಾ, ಎಷ್ಟು ಕೊಟ್ಟರೆ ನ್ಯಾಯ?” ಎಂದು ಮಗಳು ಕೇಳಿದಳು. ಕಡಿಮೆ ಕೊಟ್ಟರೆ ಗಂಡನನ್ನು ಕಳೆದುಕೊಂಡವರಿಗೆ ಮೋಸ ಮಾಡಿದಂತೆ. ಮಿತಿಮೀರಿ ಕೊಟ್ಟರೆ ಅವರನ್ನು ದಾನಕ್ಕೆ ಕೈಯೊಡ್ಡಿಸಿದಂತೆ. “ತಿಳಿದವರನ್ನು ಕೇಳೋಣ, ತಾಯಿ” ಎಂದೆ.

ತಿಳಿದವರ ಊರು ಹತ್ತಿರದಲ್ಲೇ ಇತ್ತು. 1923ರ ಮಹಾಭೂಕಂಪದ ನಂತರ ಟೋಕಿಯೋದ ಬೊನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು ಮತ್ತು ವಿಶಾಲವಾದ ಜಾಗವನ್ನು ಅರಸಿ ಓಮಿಯಾಕ್ಕೆ ಬಂದು, 1925ರಲ್ಲಿ ಬೊನ್ಸಾಯ್ ಗ್ರಾಮವನ್ನು ಕಟ್ಟಿದರು. ಅಲ್ಲಿ ನೆಲೆಸುವವರಿಗೆ ಅವರೇ ಕಟ್ಟಳೆಗಳನ್ನು ಮಾಡಿಕೊಂಡಿದ್ದರು: ಮನೆಯಲ್ಲಿ ಹತ್ತಕ್ಕೆ ಕಡಿಮೆಯಿಲ್ಲದಂತೆ ಬೊನ್ಸಾಯ್ ಇರಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು, ಮಹಡಿ ಕಟ್ಟಬಾರದು, ಬೇಲಿ ಹಸಿರು ಗಿಡಗಳದ್ದೇ ಆಗಿರಬೇಕು. ಈಗ ಅಲ್ಲಿ ಕೆಲವೇ ತೋಟಗಳು ಉಳಿದಿವೆ. ಅವುಗಳಲ್ಲೊಂದರ ಹಿರಿಯರು ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿದರು. ಮಗಳು ತೋರಿಸಿದ ಚಿತ್ರವನ್ನು ನೋಡಿ, “ಎಲೆ ಉದುರಲಿ, ಆಮೇಲೆ ಬನ್ನಿ” ಎಂದುಬಿಟ್ಟರು. ಎಲೆಯ ಬಣ್ಣ ಆ ವರ್ಷದ ಬಿಸಿಲು ಮತ್ತು ಚಳಿಯ ಕೊಡುಗೆ. ಅದಕ್ಕೆ ಬೆಲೆ ಕಟ್ಟಲಾಗದು ಎಂಬುದು ಅವರ ಅಭಿಪ್ರಾಯ.

ಡಿಸೆಂಬರ್ ಕೊನೆಗೆ ಮರ ಬೋಳಾಯಿತು. ಎಲ್ಲ ಕಡೆಯಿಂದಲೂ ಚಿತ್ರ ತೆಗೆದುಕೊಂಡು ಮತ್ತೆ ಹೋದೆವು. ಆ ಹಿರಿಯರು ತಮ್ಮ ತೋಟದ ಮರಗಳನ್ನೇ ತೋರಿಸುತ್ತ ಕಲಿಸಿದರು. ಮಗಳು ಕನ್ನಡದಲ್ಲಿ ಹೇಳುತ್ತ ಹೋದಳು.

ಮೊದಲು ನೋಡಬೇಕಾದುದು ಬುಡ. ಬೇರುಗಳು ಕಾಂಡದ ಸುತ್ತಲೂ ಸಮನಾಗಿ ಹರಡಿ ಮಣ್ಣನ್ನು ಹಿಡಿದಿರಬೇಕು. ಕೊಂಬೆಯನ್ನು ಕೆಲವು ವರ್ಷಗಳಲ್ಲಿ ಬೆಳೆಸಬಹುದು. ಒಳ್ಳೆಯ ಬುಡಕ್ಕೆ ದಶಕಗಳು ಬೇಕು. ಬೆಲೆಯ ದೊಡ್ಡ ಪಾಲು ಅಲ್ಲಿಗೇ ಸಲ್ಲುತ್ತದೆ. ಎರಡನೆಯದು ಕಾಂಡ: ಬುಡದಲ್ಲಿ ದಪ್ಪಗಿದ್ದು ಮೇಲೇರುತ್ತ ಸಣ್ಣಗಾಗಬೇಕು. ವಿಶೇಷ ತಳಿಗಳನ್ನು ಸಾಮಾನ್ಯ ಮೇಪಲಿನ ಬೇರಿನ ಮೇಲೆ ಕಸಿ ಕಟ್ಟಿದ್ದರೆ, ಆ ಜಾಗ ಊದಿಕೊಂಡು, ಮೇಲಿನ ತೊಗಟೆ ಒಂದು ಬಗೆ, ಕೆಳಗಿನದು ಇನ್ನೊಂದು ಬಗೆಯಾಗಿ ಕಾಣುತ್ತದೆ. ಈ ದೋಷ ವರ್ಷ ಕಳೆದಂತೆ ಮಾಸುವ ಬದಲು ಎದ್ದು ಕಾಣುವುದೂ ಉಂಟು. ಮೂರನೆಯದು ಗಾಯ: ಮೇಪಲ್ ಸಣ್ಣ ಗಾಯವನ್ನು ಬೇಗ ಮುಚ್ಚಿಕೊಳ್ಳುತ್ತದೆ, ದೊಡ್ಡ ಗಾಯ ತೆರೆದೇ ಉಳಿದರೆ ಒಳಗಿನ ಕಟ್ಟಿಗೆ ಕೊಳೆಯುತ್ತದೆ. ಆದ್ದರಿಂದ ಮರದ ಹಿಂಭಾಗವನ್ನು ನೋಡದೆ ಕೊಳ್ಳಬಾರದು. ನಾಲ್ಕನೆಯದು ರೆಂಬೆ: ಈ ಮರದ ಮೊಗ್ಗುಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಒಂದು ಚಿಗುರನ್ನು ಚಿವುಟಿದರೆ ಎರಡು ಹೊರಡುತ್ತವೆ. ವರ್ಷ ವರ್ಷವೂ ಹೀಗೆ ಚಿವುಟಿದ ಕೈಗಳ ಲೆಕ್ಕ ಚಳಿಗಾಲದ ಬೋಳುಮರದಲ್ಲಿ ಕಾಣುತ್ತದೆ. ಕೊನೆಯದು ಕುಂಡ: ಅದರ ಬೆಲೆಯನ್ನು ಮರದೊಡನೆ ಬೆರೆಸದೆ ಬೇರೆಯಾಗಿ ಲೆಕ್ಕ ಹಾಕಬೇಕು.

ಕೇಳುತ್ತಿದ್ದಂತೆ ನನಗೆ ಜಾತ್ರೆಯ ನೆನಪಾಯಿತು. ಹಲ್ಲು, ಸುಳಿ, ಗೊರಸು! ಕೊಂಬಿಗೆ ಬಣ್ಣ ಬಳಿದು ಗೊಂಡೆ ಕಟ್ಟಿದ ಎತ್ತಿಗೆ ಮರುಳಾಗಬೇಡವೆಂದು ತಂದೆಯವರು ಹೇಳುತ್ತಿದ್ದುದೂ ಇದನ್ನೇ.

ಈ ಒರೆಗಲ್ಲಿಗೆ ಹಚ್ಚಿದಾಗ ಅಜ್ಜಿಯ ಮರದ ಗುಣದೋಷಗಳು ಹೊರಬಂದವು. ಬುಡ ಮೂರು ಕಡೆ ಚೆನ್ನಾಗಿ ಹರಡಿತ್ತು, ಎಡಕ್ಕೆ ಬೇರೇ ಇರಲಿಲ್ಲ. ಕಸಿಯ ಗುರುತಿಲ್ಲ. ಹಿಂಭಾಗದಲ್ಲಿ ಹೆಬ್ಬೆಟ್ಟಿಗಿಂತ ಅಗಲವಾದ, ಪೂರ್ತಿ ಮುಚ್ಚದ ಗಾಯವಿತ್ತು. ಕೆಳಗಿನ ರೆಂಬೆಗಳು ಕೂದಲೆಳೆಯಷ್ಟು ನಾಜೂಕು. ಮೇಲ್ಭಾಗದವು ಮಾತ್ರ ದಪ್ಪಗೆ, ಗಿಣ್ಣಿನಿಂದ ಗಿಣ್ಣಿಗೆ ಉದ್ದುದ್ದವಾಗಿ ಬೆಳೆದಿದ್ದವು. ಯಜಮಾನರು ಹಾಸಿಗೆ ಹಿಡಿದಾಗಿನಿಂದ ಅದನ್ನು ಯಾರೂ ಚಿವುಟಿರಲಿಲ್ಲ. ಒಬ್ಬ ಮನುಷ್ಯನ ಕಾಯಿಲೆ ಮರದ ತುದಿಯಲ್ಲಿ ಬರೆದಿತ್ತು.

ಆ ತೋಟದಲ್ಲಿ ಇದೇ ಅಳತೆಯ ನಿರ್ದೋಷವಾದ ಮರಕ್ಕೆ 90,000 ಯೆನ್ ಚೀಟಿ ಅಂಟಿಸಿತ್ತು. ಒಂದು ಯೆನ್ ಎಂದರೆ ಸುಮಾರು 60 ಪೈಸೆ ಎಂದುಕೊಂಡರೆ 54,000 ರೂಪಾಯಿ. ಅಜ್ಜಿಯ ಮರಕ್ಕೆ ಹಿರಿಯರು ಹೇಳಿದ್ದು ಹೀಗೆ: “ನಾನು ಕೊಂಡರೆ 20,000 ಕೊಡುತ್ತೇನೆ. ಮೂರು ನಾಲ್ಕು ವರ್ಷ ದುಡಿದು 60,000ಕ್ಕೆ ಮಾರುತ್ತೇನೆ.” ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಡುವಿನ ಅಂತರ ಅವರ ದುಡಿಮೆಗೆ, ಮರ ಸತ್ತರೆ ಆಗುವ ನಷ್ಟಕ್ಕೆ.

ಮಗಳು ಲೆಕ್ಕ ಹಾಕಿದಳು. 20,000 ಕೊಟ್ಟರೆ ಯಾರೂ ನಮ್ಮನ್ನು ದೂರುವಂತಿರಲಿಲ್ಲ. ಅಜ್ಜಿಗೆ ಅವಸರವಿತ್ತು, ಬೇರೆ ಗಿರಾಕಿ ಇರಲಿಲ್ಲ. ಆಗ ನನಗೆ ತಂದೆಯವರ ಮಾತು ನೆನಪಾಯಿತು. ಬರಗಾಲದ ವರ್ಷವೊಂದರಲ್ಲಿ ಮೇವಿಲ್ಲದೆ ಎತ್ತು ಮಾರಲು ಬಂದಿದ್ದವನಿಗೆ ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಿದ್ದರು. ದಾರಿಯಲ್ಲಿ ನಾನು ಏಕೆಂದು ಕೇಳಿದಾಗ, “ಎತ್ತಿನ ಊನ ಬೆಲೆಯಲ್ಲಿ ಸೇರಬೇಕು ಮಗ, ಮಾರುವವನ ಕಷ್ಟ ಸೇರಬಾರದು” ಎಂದಿದ್ದರು.

ಆ ಪ್ರಕಾರ ಲೆಕ್ಕ ಮಾಡಿದೆವು. ಮರ ಸರಿಯಾದರೆ 60,000. ಅದನ್ನು ಸರಿಪಡಿಸುವ ಮೂರು ನಾಲ್ಕು ವರ್ಷದ ಕೆಲಸ ಮತ್ತು ಗಾಯದ ಭಯ ನಮ್ಮ ತಲೆಗೆ, ಅದನ್ನು ಕಳೆಯಬೇಕು. ವ್ಯಾಪಾರಿಯ ಲಾಭ ನಮಗೆ ಬೇಡ, ಅದನ್ನು ಕಳೆಯಬಾರದು. 40,000 ಎಂದು ನಿಶ್ಚಯಿಸಿದೆವು. ಚೌಕಾಸಿಗೆ ಎಡೆಯಿರಬಾರದೆಂದು ಮಗಳು ಗುಣದೋಷಗಳೆರಡನ್ನೂ ಅಜ್ಜಿಯ ಎದುರು ವಿವರವಾಗಿ ಹೇಳಿ, ಆ ಮೊತ್ತವನ್ನು ತಿಳಿಸಿದಳು. ಗಾಯದ ಮಾತು ಬಂದಾಗ ಅಜ್ಜಿ ನಕ್ಕರು. ಆ ಕೊಂಬೆಯನ್ನು ಕಡಿದ ದಿನ ಯಜಮಾನರು ಊಟ ಮಾಡಿರಲಿಲ್ಲವಂತೆ. ಹಣವನ್ನು ಎಣಿಸಿ ತೆಗೆದುಕೊಂಡರು. ಒಳಗೆ ಹೋಗಿ ಒಂದು ಹಳೆಯ ಕತ್ತರಿಯನ್ನು ತಂದು, ಇದಕ್ಕೆ ಬೆಲೆಯಿಲ್ಲವೆಂದು ಮಗಳ ಕೈಗಿತ್ತರು.

ಮರವನ್ನು ಹೊಸೂರಿಗೆ ತರಬಾರದೇ ಎಂದು ನೆಂಟರು ಕೇಳಿದರು. ವಿದೇಶದ ಗಿಡಕ್ಕೆ ಆಮದಿನ ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಬೇಕು ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾಗಿ, ಎಲೆ ಕಳಚಿ ನಿದ್ರಿಸಲು ಆ ಮರಕ್ಕೆ ನಿಜವಾದ ಚಳಿಗಾಲ ಬೇಕು. ನಮ್ಮ ಊರಿನ ಚಳಿ ನಮಗೆ ಚಳಿ, ಅದಕ್ಕಲ್ಲ. ಬಾಡಿ ಸಾಯುವ ಜಾಗಕ್ಕೆ ಒಯ್ದರೆ ಯಾವ ಬೆಲೆಯೂ ದುಬಾರಿಯೇ.

ಏಪ್ರಿಲಿನಲ್ಲಿ ಮಗಳು ಚಿತ್ರ ಕಳುಹಿಸಿದಳು. ಮರವೆಲ್ಲ ಎಳೆಹಸಿರು, ಗಾಯದ ಮೇಲಿನ ಒಂದು ರೆಂಬೆ ಮಾತ್ರ ಚಿಗುರಿರಲಿಲ್ಲ. “ಅಪ್ಪಾ, ಹೆಚ್ಚು ಕೊಟ್ಟೆವೇನೋ?” ಎಂದು ಕೇಳಿದಳು. ಆ ಗಾಯವನ್ನು ನೋಡಿಯೇ ಅಲ್ಲವೇ ನಾವು ಬೆಲೆ ಕಟ್ಟಿದ್ದು ಎಂದೆ. ಆಮೇಲೆ ಇವತ್ತು ನೀರು ಹಾಕಿದೆಯಾ ಎಂದು ಕೇಳಿದೆ.