ಅರ್ಜಿಯೂ ಒಂದು ಲೆಕ್ಕಪತ್ರ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಸಿದ್ಧಪಡಿಸುವುದು. ಇದು ಅಂಗಡಿಯ ಖಾತೆ ಕಿರ್ದಿಗಳಿಗೆ ಸಂಬಂಧಿಸಿದ ಮಾತೆಂದು ಶ್ರಾವಕರು ತಿಳಿಯುವುದುಂಟು. ಮಕ್ಕಳು ಕಾಲೇಜಿಗೆ ಸಲ್ಲಿಸುವ ಅರ್ಜಿಗೂ ಅದು ಅನ್ವಯಿಸುತ್ತದೆಂಬುದನ್ನು ನೆನೆಯುವವರು ವಿರಳ.

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಪ್ರವೇಶವು ಬಹುಮಟ್ಟಿಗೆ ಸಿಇಟಿ ರ್‍ಯಾಂಕನ್ನು ಅವಲಂಬಿಸಿರುವುದರಿಂದ ಅಲ್ಲಿ ಅರ್ಜಿಯ ಮಾತಿಗೆ ತೂಕವಿಲ್ಲ. ಆದರೆ ಅಮೆರಿಕದ ಕಾಲೇಜುಗಳು, ಭಾರತದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಹಾಗೂ ವಿದ್ಯಾರ್ಥಿವೇತನ ನೀಡುವ ಹಲವು ಸಂಸ್ಥೆಗಳು ಅಭ್ಯರ್ಥಿಯ ಸ್ವಂತ ಬರಹವನ್ನು ಕೇಳುತ್ತವೆ. ಅಮೆರಿಕದ ಅನೇಕ ಕಾಲೇಜುಗಳು ಸ್ವೀಕರಿಸುವ ಕಾಮನ್ ಅಪ್ಲಿಕೇಶನ್ನಿನಲ್ಲಿ ಪ್ರಬಂಧಕ್ಕೆ 650 ಪದಗಳ ಮಿತಿಯಿದೆ; ಚಟುವಟಿಕೆಗಳಿಗೆ 10 ಸ್ಥಾನಗಳಿವೆ. ಹತ್ತನ್ನೂ ತುಂಬುವ ಆತುರದಲ್ಲಿ, ಒಂದು ದಿನ ಸಸಿ ನೆಟ್ಟದ್ದು ಪರಿಸರ ಆಂದೋಲನವಾಗಿಬಿಡುತ್ತದೆ. ಪ್ರಬಂಧವನ್ನು ಹಣ ಕೊಟ್ಟು ಬರೆಸುವ ತಂದೆತಾಯಿಗಳೂ ಇದ್ದಾರೆ.

ಇಂಥ ಆತುರ ಎಲ್ಲಿಗೆ ಮುಟ್ಟೀತೆಂಬುದನ್ನು 2019ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಬಯಲಾದ ಪ್ರವೇಶ ಹಗರಣ ತೋರಿಸಿಕೊಟ್ಟಿತು. ಎಂದೂ ಆಡದ ಆಟಗಳಲ್ಲಿ ಮಕ್ಕಳು ನಿಪುಣರೆಂದು ತೋರಿಸಲು ಕೃತಕ ಭಾವಚಿತ್ರಗಳನ್ನೂ ಸಿದ್ಧಪಡಿಸಲಾಗಿತ್ತು. ಸೂತ್ರಧಾರನಾದ ವಿಲಿಯಂ ಸಿಂಗರ್‌ಗೆ 2023ರ ಜನವರಿಯಲ್ಲಿ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು. ಹಲವು ಪಾಲಕರೂ ಸೆರೆಮನೆ ಕಂಡರು.

ಇದಕ್ಕೆ ಪ್ರತಿಯಾಗಿ ಶ್ರೀನಿವಾಸ ರಾಮಾನುಜನ್ನರ ಪತ್ರವನ್ನು ನೆನೆಯಬೇಕು. 1913ರ ಜನವರಿ 16ರಂದು ಅವರು ಕೇಂಬ್ರಿಜ್ಜಿನ ಜಿ. ಎಚ್. ಹಾರ್ಡಿಯವರಿಗೆ ಬರೆದರು. ತಾವು ಮದರಾಸು ಬಂದರಿನ ಕಚೇರಿಯ ಗುಮಾಸ್ತರೆಂದೂ, ಸಂಬಳ ವರ್ಷಕ್ಕೆ 20 ಪೌಂಡುಗಳೆಂದೂ, ವಿಶ್ವವಿದ್ಯಾಲಯದ ಶಿಕ್ಷಣ ತಮಗಿಲ್ಲವೆಂದೂ ಮೊದಲಿಗೇ ತಿಳಿಸಿ, ತಾವು ಕಂಡುಕೊಂಡ ಪ್ರಮೇಯಗಳನ್ನು ಜೊತೆಗಿಟ್ಟರು. ಕೊರತೆಯನ್ನು ಮರೆಮಾಚಲಿಲ್ಲ, ಮಾಡಿದ ಕೆಲಸವನ್ನು ಮುಂದಿಟ್ಟರು. 1914ರಲ್ಲಿ ಕೇಂಬ್ರಿಜ್ ಅವರನ್ನು ಬರಮಾಡಿಕೊಂಡಿತು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಒಲಿದು ಬಂದಿತು.

ರಾಮಾನುಜನ್ನರಂಥ ಪ್ರತಿಭೆ ಎಲ್ಲರಿಗೂ ಇರದು; ಆದರೆ ಆ ಪ್ರಾಮಾಣಿಕತೆ ಎಲ್ಲರಿಗೂ ಸಾಧ್ಯ. ಶ್ರೀರಂಗಪಟ್ಟಣದ ಬಳಿಯ ಬಾಬುರಾಯನಕೊಪ್ಪಲಿನಂಥ ಊರಿನ ಹುಡುಗಿಗೆ ಬರೆಯಲು ಏನಿದೆ ಎಂದು ಕೇಳಬಹುದು. ಅದು ಕಬ್ಬಿನ ಸೀಮೆ. ಹೊಂಬಣ್ಣದ ಬೆಲ್ಲವನ್ನೇ ಗಿರಾಕಿಗಳು ಬಯಸುವುದರಿಂದ ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ರೂಢಿಯುಂಟು. ಹಾಕದ ಬೆಲ್ಲ ಕಂದಾಗಿ ಕಾಣುತ್ತದೆ. ರಜೆಯಲ್ಲಿ ಸೋದರಮಾವನ ಆಲೆಮನೆಯ ಲೆಕ್ಕ ಬರೆಯುವ ಹುಡುಗಿಯೊಬ್ಬಳು ಇದ್ದರೆ, ಎರಡು ಬಗೆಯ ಬೆಲ್ಲಕ್ಕೆ ಎಷ್ಟೆಷ್ಟು ಬೆಲೆ ಸಿಕ್ಕಿತು, ಮಾವ ಯಾವುದನ್ನು ಆರಿಸಿಕೊಂಡರು, ತನ್ನ ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂದು ಬರೆದರೆ ಸಾಕು. ಆ ಬರಹವನ್ನು ಬೇರಾರೂ ಬರೆಯಲಾರರು. ಬೇರೆಯವರಿಂದ ಬರೆಸಿದ ಪ್ರಬಂಧವಾದರೋ ಹೈಡ್ರೋಸ್ ಹಾಕಿದ ಬೆಲ್ಲದಂತೆ. ಎಲ್ಲ ಅಚ್ಚುಗಳ ಬಣ್ಣವೂ ಒಂದೇ.

ಈ ವಿಷಯದಲ್ಲಿ ಬಸದಿಗಳ ಟ್ರಸ್ಟುಗಳಿಗೂ ಹೊಣೆಯಿದೆ. ಉತ್ಸವದಲ್ಲಿ ಒಂದು ದಿನವೂ ದುಡಿಯದ ಹುಡುಗನಿಗೆ, ಪರಿಚಯದವರ ಮಗನೆಂಬ ದಾಕ್ಷಿಣ್ಯದಿಂದ ಸೇವಾಪತ್ರ ಬರೆದುಕೊಡುವುದು ಕೂಟಲೇಖಕ್ರಿಯೆಯೇ ಸರಿ. ಆ ಪತ್ರದ ಬಲದಿಂದ ಅವನಿಗೆ ಸೀಟು ದೊರೆತರೆ, ಅದನ್ನು ಕಳೆದುಕೊಳ್ಳುವವನು ನಿಜವಾಗಿ ದುಡಿದ ಯಾವನೋ ಬಡವನ ಮಗ; ಆಗ ಅಚೌರ್ಯಕ್ಕೂ ಭಂಗ ಬರುತ್ತದೆ. ಟ್ರಸ್ಟುಗಳು ವಿದ್ಯಾರ್ಥಿವೇತನ ಕೊಡುವಾಗಲೂ ಪ್ರಮಾಣಪತ್ರಗಳ ಕಟ್ಟನ್ನು ಎಣಿಸುವ ಬದಲು, ಮಾಡಿದ ಒಂದೇ ಕೆಲಸವೇನು, ಎಷ್ಟು ದಿನ ಮಾಡಿದ್ದು, ಅದರಲ್ಲಿ ಏನು ಕೈಗೂಡಲಿಲ್ಲ ಎಂದು ಕೇಳುವುದು ಲೇಸು.

ಜಮೆಯಿಲ್ಲದ ಹಣವನ್ನು ಖಾತೆಯಲ್ಲಿ ತೋರಿಸುವ ವ್ಯಾಪಾರಿ ಒಂದಲ್ಲ ಒಂದು ದಿನ ಲೆಕ್ಕ ಒಪ್ಪಿಸಬೇಕಾಗುತ್ತದೆ. ಹದಿನೇಳರ ಮಗುವಿನ ಬದುಕಿನ ಖಾತೆಯ ಮೊದಲ ಪುಟವನ್ನೇ ಹಿರಿಯರು ಸುಳ್ಳು ಜಮೆಯಿಂದ ಆರಂಭಿಸಬಾರದು.