ಬಂಬ್, ಚಳಿಗಾಲ ಮತ್ತು ಒಂದು ರಟ್ಟಿನ ತುಂಡು

ಇಲ್ಲಿ ಬರೆಯದೆ ಬಹಳ ದಿನ ಆಯ್ತು. "ರಿಲೀಸ್ ಇತ್ತು" ಅನ್ನೋ ನನ್ನ ಹಳೇ ನೆಪ ಈ ಸಲ ನಡೆಯೋಲ್ಲ. ದೀಪಾವಳಿಗೆ ಎರಡು ವಾರ ಮೊದಲೇ ರಜೆ ಹಾಕಿ ಬೆಳಗಾವಿಗೆ ಬಂದು ಕೂತಿದ್ದೇನೆ. ಕೈತುಂಬ ಮಸಿ, ಉಗುರಿನ ಸಂದಿಯಲ್ಲಿ ಹುಣಸೆಹಣ್ಣು. ಯಾಕಂದ್ರೆ, ನಮ್ಮ ಬಂಬನ್ನು ಚಳಿಗಾಲಕ್ಕೆ ತಯಾರು ಮಾಡ್ತಾ ಇದ್ದೇನೆ!

ಬಂಬ್ ಅಂದ್ರೆ ಏನು ಅಂತ ಬೆಂಗಳೂರು-ಮೈಸೂರು ಕಡೆಯವರು ಕೇಳಬಹುದು. ನಮ್ಮ ಕಡೆ, ಹಾಗೇ ಮಹಾರಾಷ್ಟ್ರದಲ್ಲಿ, ಜಳಕದ ನೀರು ಕಾಸೋ ತಾಮ್ರದ ಪಾತ್ರೆ. ನಿಮ್ಮ ಹಂಡೆ ಒಲೆಯ ಮೇಲೆ ಕೂರುತ್ತೆ. ಇದರ ಹೊಟ್ಟೆಯೊಳಗೇ ಒಲೆ. ನಿಂತ ಡ್ರಮ್ಮಿನಂಥ ಪಾತ್ರೆ, ನಟ್ಟನಡುವೆ ಮೇಲಿಂದ ಕೆಳಗಿನ ತನಕ ಒಂದು ಕೊಳವೆ. ಕೊಳವೆಯಲ್ಲಿ ಬೆಂಕಿ, ಸುತ್ತಲೂ ನೀರು, ಕೆಳಗೆ ಬೂದಿ ಬೀಳೋಕೆ ಕಬ್ಬಿಣದ ಜಾಳಿಗೆ, ಬದಿಗೆ ಹಿತ್ತಾಳೆ ನಲ್ಲಿ. ಬೆಂಕಿಯ ಸುತ್ತ ನೀರೇ ಇರೋದ್ರಿಂದ ಕಾವು ಹೆಚ್ಚು ಪೋಲಾಗೋಲ್ಲ. ಇಂಜಿನಿಯರಿಂಗ್ ಓದುವಾಗ ಹೀಟ್ ಎಕ್ಸ್‌ಚೇಂಜರ್ ಅಂತ ಬಾಯಿಪಾಠ ಮಾಡಿದ್ದೆ. ಮನೆಯಲ್ಲೇ ಒಂದು ಇತ್ತು ಅಂತ ಆಗ ಹೊಳೆದಿರಲಿಲ್ಲ :)

ಈಗ ವಿಷಯಕ್ಕೆ ಬರ್ತೀನಿ. ಇದನ್ನ ಬರೆಯೋದೋ ಬೇಡವೋ ಅಂತ ಹತ್ತು ತಿಂಗಳಿಂದ ಯೋಚನೆ ಮಾಡಿದ್ದೇನೆ.

ಎರಡು ವರ್ಷದ ಹಿಂದೆ ಅವ್ವನಿಗೆ ಹೊಗೆ ಕಾಟ ತಪ್ಪಲಿ ಅಂತ ಟಿಳಕವಾಡಿಯ ಮನೆಗೆ ಗ್ಯಾಸ್ ಗೀಸರ್ ತಂದುಕೊಟ್ಟವನು ನಾನೇ. ಬಂಬ್ ಖಾನಾಪುರದಲ್ಲಿ ಆಯಿಯ ಮನೆಯ ಅಟ್ಟ ಸೇರಿತು. ಗೀಸರನ್ನ ಬಚ್ಚಲ ಒಳಗೇ ಹಾಕಿಸಿದೆ. ಕಳೆದ ಡಿಸೆಂಬರಿನಲ್ಲಿ ಬಂದಾಗ "ಕಿಂಡ್ಯಾಗಿಂದ ಥಂಡಿ ಗಾಳಿ ಬರತೈತಿ" ಅಂದಳು ಅವ್ವ. ಬೆಳಗಾವಿ ಚಳಿ ಗೊತ್ತಲ್ಲ, ಸುಮ್ಮನೆ ಬಡವರ ಮಹಾಬಳೇಶ್ವರ ಅಂತ ಕರೆದಿಲ್ಲ. ಗೀಸರ್ ಬಂದಿದ್ದ ಡಬ್ಬಿಯದೇ ಒಂದು ರಟ್ಟು ಕತ್ತರಿಸಿ, ಟೇಪ್ ಹಚ್ಚಿ ಕಿಂಡಿ ಮುಚ್ಚಿದೆ. ಐದು ನಿಮಿಷದ ಕೆಲಸ. ಅವ್ವನಿಗೆ ಖುಷಿಯಾಯ್ತು.

ಜನವರಿಯಲ್ಲಿ ಒಂದು ಬೆಳಿಗ್ಗೆ ಅಪ್ಪನ ಫೋನು. ಜಳಕಕ್ಕೆ ಹೋದ ಅವ್ವ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ, ಕರೆದರೆ ಉತ್ತರ ಇಲ್ಲ. ಅಪ್ಪ ಹೆಗಲಿನಿಂದ ಬಾಗಿಲು ನೂಕಿ ಚಿಲಕ ಮುರಿದು ಹೊರಗೆ ಎಳೆದು ತಂದಿದ್ದರು. ರಾತ್ರಿ ಬಸ್ಸು ಹಿಡಿದು ನಾನು ಬರೋ ಹೊತ್ತಿಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಸಿ ಎದ್ದು ಕೂತಿದ್ದಳು. "ವಾಸನಿ ಏನೂ ಬರಲಿಲ್ಲೋ ತಮ್ಮಾ" ಅಂತ ನನಗೇ ಸಮಾಧಾನ ಹೇಳಿದಳು.

ವಾಸನೆ ಬರೋದಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗಲಿ ಅಂತ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ. ಆದರೆ ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ತಲೆ ಸುತ್ತು ಅನ್ನಿಸೋ ಹೊತ್ತಿಗೆ ಬಾಗಿಲ ತನಕ ಹೋಗೋ ಶಕ್ತಿ ಉಳಿದಿರೋಲ್ಲ. ಗೀಸರನ್ನ ಬಚ್ಚಲ ಹೊರಗೆ ಹಾಕಬೇಕು, ಗಾಳಿ ಆಡಬೇಕು ಅಂತ ಜೊತೆಗೆ ಬಂದ ಪುಸ್ತಕದಲ್ಲೇ ಬರೆದಿತ್ತು. ಬೇರೆಯವರ ಕೋಡಿಗೆ "ಡಾಕ್ಯುಮೆಂಟೇಶನ್ ಓದ್ರಪ್ಪಾ" ಅಂತ ಬೈಯೋ ನಾನು ಅದನ್ನು ಓದಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಹೋದವನೇ ಮೊದಲು ಕಿಂಡಿ ನೋಡಿದೆ. ರಟ್ಟು ಇರಲಿಲ್ಲ. ಬಿದ್ದುಹೋಗಿತ್ತೇನೋ ಅಂದುಕೊಂಡೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಸಲ ಬಂದವನೇ ಖಾನಾಪುರಕ್ಕೆ ಹೋದೆ, ಇಲ್ಲಿಂದ 26 ಕಿಲೋಮೀಟರ್. ಎಂಬತ್ತು ದಾಟಿದ ಆಯಿ ಕಟ್ಟೆ ಮೇಲೆ ಕೂತು ಹುಕುಂ ಕೊಡ್ತಾ ಹೋದಳು, ನಾನು ಮಾಡ್ತಾ ಹೋದೆ. ಮೊದಲು ಉದ್ದ ಕೋಲಿಗೆ ಗೋಣಿಚೀಲದ ಚೂರು ಸುತ್ತಿ ಕೊಳವೆಯ ಮಸಿ ತೆಗೆಯೋದು. ಮಸಿ ಕಾವನ್ನು ತಡೆಯುತ್ತೆ. ಆಮೇಲೆ ಒಳಗೆ ಹುಣಸೆಹುಳಿ ಕಿವುಚಿದ ಬಿಸಿನೀರು ತುಂಬಿ ಒಂದು ರಾತ್ರಿ ಬಿಡೋದು. ಬೋರಿನ ಗಡಸು ನೀರಿನಿಂದ ಕಟ್ಟಿದ ಬಿಳಿ ಸುಣ್ಣದ ಪದರ ಹುಳಿಗೆ ಮೆತ್ತಗಾಗಿ ಬಿಡುತ್ತೆ. ಹೊರಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಕರ್ರಗಿದ್ದ ತಾಮ್ರ ಹೊಸ ಪೈಸೆ ಥರ ಆಯ್ತು. ನಲ್ಲಿಯ ಬುಡದಲ್ಲಿ ತೊಟ್ಟಿಕ್ಕುತ್ತಿತ್ತು, ಬೆಳಗಾವಿಗೆ ತಂದು ಬೋಗಾರವೇಸ್ ಹತ್ತಿರ ಬೆಸುಗೆ ಹಾಕಿಸಿದೆ. ಬೋಗಾರ ಅಂದ್ರೆ ತಾಮ್ರ-ಹಿತ್ತಾಳೆ ಪಾತ್ರೆ ವ್ಯಾಪಾರದ ಜನ. ತುಕ್ಕು ತಿಂದ ಜಾಳಿಗೆ ಬದಲಾಯ್ತು.

ಹೊರಡುವಾಗ ಆಯಿ ಒಂದೇ ಮಾತು ಮೂರು ಸಲ ಹೇಳಿದ್ದಳು. "ನೀರ ಹಾಕದ ಬೆಂಕಿ ಹಚ್ಚಬ್ಯಾಡೋ. ಒಂದ್ ಕೊಡ ತಗದ್ರ ಒಂದ್ ಕೊಡ ಹಾಕಬೇಕ." ಲೆಕ್ಕ ಸರಿಯಾಗೇ ಇದೆ. ನೀರು ತಾಗಿರೋ ತನಕ ತಾಮ್ರದ ಬಿಸಿ 100 ಡಿಗ್ರಿಯ ಆಸುಪಾಸಲ್ಲೇ ಇರುತ್ತೆ. ನೀರು ಇಳಿದರೆ ಮೇಲಿನ ಕೊಳವೆ ಒಣಗಿ ಕಾದು, 200 ಡಿಗ್ರಿ ಹತ್ತಿರ ಕರಗೋ ತವರದ ಬೆಸುಗೆ ಬಿಟ್ಟುಕೊಳ್ಳುತ್ತೆ. ಇನ್ನು ಕಟ್ಟಿಗೆ. ಖಾನಾಪುರದ ಮಳೆ ಕಂಡವರು ಮೇ ತಿಂಗಳಲ್ಲೇ ಸೀಳಿ ಒಳಗೆ ಒಟ್ಟಿರ್ತಾರೆ. ಹಸಿ ಕಟ್ಟಿಗೆಯ ಕಾವಿನ ಒಂದು ಪಾಲು ತನ್ನ ನೀರು ಆರಿಸೋಕೇ ಹೋಗುತ್ತೆ, ಮೇಲೆ ಹೊಗೆ ಬೇರೆ. 40 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸೋಕೆ ಒಂದು ಕೆಜಿ ಒಣ ಕಟ್ಟಿಗೆ ಹೆಚ್ಚುಕಮ್ಮಿ ಸಾಕು ಅಂತ ನಾನು ಲೆಕ್ಕ ಹಾಕಿ ತೋರಿಸಿದೆ. "ನಾಕ್ ಕಟ್ಟಿಗಿ, ಎರಡ್ ತೆಂಗಿನ ಚಿಪ್ಪು. ಇದಕ್ಕ ಇಷ್ಟ್ ಓದಬೇಕೇನು?" ಅಂದಳು ಆಯಿ!

ಆದರೆ ಹಳೇದೆಲ್ಲ ಒಳ್ಳೇದು ಅಂತ ಹೇಳೋಕೆ ಇದನ್ನ ಬರೀತಿಲ್ಲ. ಮುಚ್ಚಿದ ಬಚ್ಚಲಲ್ಲಿ ಬಂಬೂ ಅದೇ ವಿಷ ಉಗುಳುತ್ತೆ. ಆಯಿಯ ಬಚ್ಚಲಮನೆಯಲ್ಲಿ ಗೋಡೆಗೂ ಹಂಚಿಗೂ ನಡುವೆ ಗೇಣಗಲದ ಸಂದು ಇದೆ. ಅದನ್ನ ಯಾಕೆ ಮುಚ್ಚಿಲ್ಲ, ಚಳಿ ಆಗೋಲ್ವಾ ಅಂತ ಕೇಳಿದ್ದೆ. "ಅದನ್ಯಾಕ ಮುಚ್ಚತಾರ? ಒಲಿಗೂ ಉಸರ ಬೇಕಲ್ಲೋ" ಅಂದಿದ್ದಳು. ನಾನು ತಲೆ ಎತ್ತಲಿಲ್ಲ.

ಹಾಗಾಗಿ ಬಂಬನ್ನು ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ ಕೂರಿಸಿದೆ. ನೀರು ಕಾಸೋದು ಹೊರಗೆ, ಜಳಕ ಒಳಗೆ. ಬಕೆಟ್ ಹೊತ್ತು ತರೋದು ಅಪ್ಪನ ಪಾಲಿನ ಕೆಲಸ. ಬಚ್ಚಲ ಕಿಂಡಿಗೆ ಮುಚ್ಚೋಕೆ ಬಾರದ ಹಾಗೆ ಜಾಳಿ ಬಡಿದೆ.

ಬಡಿಯುವಾಗ ಅಪ್ಪ ಸ್ಟೂಲ್ ಹಿಡಿದು ನಿಂತಿದ್ದರು. ಅಲ್ಲಿಂದಲೇ, ಕೆಳಗೆ ನೋಡದೆ ಹೇಳಿಬಿಟ್ಟೆ. "ಅಪ್ಪಾ, ಈ ಕಿಂಡಿ ಮುಚ್ಚಿದ್ದು ನಾನು."

"ಗೊತ್ತೈತಿ" ಅಂದರು. "ಆ ರಟ್ಟ ನಾನ ಕಿತ್ತ ಒಗದೆ. ನೀ ಬರೂದ್ರೊಳಗ."

ಮೊಳೆ ಕೊಡು ಅಂತ ಕೈ ಚಾಚಿದೆ. ಕೊಟ್ಟರು.

ನಾಳಿದ್ದು ನೀರು ತುಂಬೋ ಹಬ್ಬ. ಅವ್ವ ಈಗಲೇ ಬಂಬಿಗೆ ಕುಂಕುಮ ಹಚ್ಚೋ ಜಾಗ ನೋಡಿಟ್ಟಿದ್ದಾಳೆ, ಚೆಂಡು ಹೂವಿನ ಮಾಲೆ ಬೇರೆ. ನೀರು ಕಾಸೋ ಸರದಿ ನಂದು. ನಿಮ್ಮ ಮನೆಯಲ್ಲೂ ಗ್ಯಾಸ್ ಗೀಸರ್ ಇದ್ದರೆ, ಇದನ್ನ ಓದಿ ಮುಗಿಸಿ ಒಮ್ಮೆ ಎದ್ದು ಹೋಗಿ ಬಚ್ಚಲ ಕಿಂಡಿ ನೋಡಿ. ಊರಲ್ಲಿದ್ದರೆ ಅಪ್ಪ-ಅಮ್ಮನಿಗೆ ಫೋನ್ ಮಾಡಿ ಕೇಳಿ. ಈಗಲೇ.

ದೀಪಾವಳಿಯ ಶುಭಾಶಯಗಳು.