ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು

ಊರಿಂದ ಅಪ್ಪ ಅಮ್ಮ ಬಂದಾಗ ಇಲ್ಲಿ ನಮ್ಮವರೆಲ್ಲ ಮಾಡುವ ತಪ್ಪನ್ನೇ ನಾವೂ ಮಾಡಿದೆವು. ಅಮ್ಮನಿಗೆ ಸಿಕ್ಕಿದ್ದು 90 ದಿನದ ವೀಸಾ. ಅದರಲ್ಲಿ ಎರಡು ತಿಂಗಳು ಡಬ್ಲಿನ್ನಿನ ಮನೆಯಲ್ಲಿ ಹಿಟ್ಟು ಕಲಸಿಕೊಂಡು, ಕಿಟಕಿಯಿಂದ ಮಳೆ ನೋಡಿಕೊಂಡು ಕಳೆದುಹೋಯಿತು. ಮನೆಯವರು ಆಸ್ಪತ್ರೆಯಲ್ಲಿ ನರ್ಸ್, ವಾರದಲ್ಲಿ ಮೂರು ರಾತ್ರಿ ಪಾಳಿ. ಇತ್ತ ಆಫೀಸಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ವಾಪಸ್ ಟಿಕೆಟ್ ನೋಡಿದಾಗಲೇ 'ಅಯ್ಯೋ, ಏನೂ ತೋರಿಸಲಿಲ್ಲವಲ್ಲ' ಅಂತ ಎಚ್ಚರವಾಗಿದ್ದು. ಜೂನ್ ಕೊನೆಯ ವಾರ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ಹೋಟೆಲಿಂದ ಹೋಟೆಲಿಗೆ ಪೆಟ್ಟಿಗೆ ಹೊತ್ತು ತಿರುಗುವುದು 71ರ ಅಮ್ಮನಿಗೆ ಆಗದು. ಆದ್ದರಿಂದ ಹಳ್ಳಿ ಕಡೆ ಅಡುಗೆಮನೆ ಇರುವ ಒಂದು ಮನೆ ಹಿಡಿದು, ದಿನಾ ಅಲ್ಲಿಂದಲೇ ಹೋಗಿ ಬರೋಣ ಅಂದುಕೊಂಡೆವು.

ಮೊದಲು ಮನಸ್ಸಿನಲ್ಲಿದ್ದದ್ದು ಡೊನೆಗಾಲ್. ಆದರೆ ಡಬ್ಲಿನ್ನಿಂದ ಅಲ್ಲಿಗೆ ಮ್ಯಾಪ್ ತೋರಿಸುವ ಹತ್ತಿರದ ದಾರಿ ಉತ್ತರ ಐರ್ಲೆಂಡಿನ ಓಮಾ ಮೂಲಕ ಹೋಗುತ್ತೆ. ಗಡಿಯಲ್ಲಿ ಗೇಟಿಲ್ಲ, ಕೇಳುವವರಿಲ್ಲ. ಕಿಲೋಮೀಟರ್ ಬೋರ್ಡು ಮೈಲಿ ಬೋರ್ಡಾದಾಗಲೇ ದಾಟಿದ್ದು ಗೊತ್ತಾಗೋದು. ಆದರೆ ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಇಲ್ಲಿನ ಐಆರ್‌ಪಿ ಕಾರ್ಡ್ ಅಲ್ಲಿ ನಡೆಯುವುದಿಲ್ಲ, ಯುಕೆ ವೀಸಾ ಬೇಕು. ಕೇಳೋರಿಲ್ಲ ಅಂತ ದಾಟುವವರೂ ಇದ್ದಾರೆ. ಕಾರಿಗೆ ಅಲ್ಲಿ ಏನಾದರೂ ಆದರೆ ಯಾರಿಗೆ ಹೇಳೋದು? ಸ್ಲೈಗೋ ಮೇಲೆ ಹೋದರೆ ಗಡಿ ದಾಟದೇ ಡೊನೆಗಾಲ್ ಸೇರಬಹುದು, ನಿಜ. ನಮಗೆ ಮಾತ್ರ ಆ ಅನುಮಾನವೇ ಬೇಡ ಅನ್ನಿಸಿ ಕ್ಲೇರ್ ಕೌಂಟಿಯ ಕೊರೊಫಿನ್ ಹಳ್ಳಿಯ ಹತ್ತಿರ ಮನೆ ಹಿಡಿದೆವು. ಡಬ್ಲಿನ್ನಿಂದ ಸುಮಾರು 250 ಕಿ.ಮೀ., ಹೆಚ್ಚಿನದೆಲ್ಲ ಮೋಟಾರ್‌ವೇ.

ಲೆಕ್ಕಪತ್ರದ ಕೆಲಸದವರ ಮನೆ ಅಂದಮೇಲೆ ಎಕ್ಸೆಲ್ ಶೀಟ್ ಇಲ್ಲದೆ ಆದೀತೆ? ಆರು ದಿನ, ಆರು ಊರು, ಎಷ್ಟು ಗಂಟೆಗೆ ಹೊರಡೋದು, ಎಲ್ಲಿ ಊಟ, ಎಲ್ಲ ಬರೆದಿಟ್ಟಿದ್ದೆವು. ಮೊದಲ ದಿನಕ್ಕೇ ಡಿಂಗಲ್. ಎನ್ನಿಸ್ ದಾಟಿ ಕಿಲ್ಲಿಮರ್, ಅಲ್ಲಿ ಕಾರನ್ನು ಫೆರ್ರಿಗೆ ಹತ್ತಿಸಿ 20 ನಿಮಿಷದಲ್ಲಿ ಶ್ಯಾನನ್ ನದಿಯ ಅಳಿವೆ ದಾಟಿ ಟಾರ್ಬರ್ಟ್, ಟ್ರಲೀ, ಡಿಂಗಲ್, ಆಮೇಲೆ ಸ್ಲೇ ಹೆಡ್ ಸುತ್ತು. ಒಟ್ಟು ಸುಮಾರು 350 ಕಿ.ಮೀ. ಬೆಂಗಳೂರಿಂದ ಹುಬ್ಬಳ್ಳಿಯಷ್ಟು ದೂರವೂ ಇಲ್ಲವಲ್ಲ ಎಂಬಂತೆ ಹೊರಟೆವು.

ಇಲ್ಲಿ ತಪ್ಪಿದ್ದು ದೂರದ ಲೆಕ್ಕವಲ್ಲ, ವೇಗದ ಲೆಕ್ಕ. ಹಳ್ಳಿಗಾಡಿನ ಲೋಕಲ್ ರಸ್ತೆಗಳ ಮಿತಿ 2025ರ ಫೆಬ್ರುವರಿಯಿಂದ 80ರಿಂದ 60 ಕಿ.ಮೀ.ಗೆ ಇಳಿದಿದೆ. ಆ ಅರವತ್ತೂ ಬರೀ ಬೋರ್ಡಿನ ಮೇಲೆ. ಎರಡೂ ಕಡೆ ಕಾರಿಗಿಂತ ಎತ್ತರದ ಬೇಲಿ, ನಡುವೆ ಒಂದೂವರೆ ಕಾರಿನಷ್ಟು ಜಾಗ, ತಿರುವಿನಾಚೆ ಟ್ರ್ಯಾಕ್ಟರೋ ಹಸುವೋ ಗೊತ್ತಾಗಲ್ಲ. ನಮ್ಮಲ್ಲಿ ಪೂರ್ತಿ ಲೈಸೆನ್ಸ್ ಇರುವುದು ಒಬ್ಬರಿಗೇ. ಮನೆಯವರದು ಇನ್ನೂ ಲರ್ನರ್ ಪರ್ಮಿಟ್. (ಭಾರತದ ಲೈಸೆನ್ಸನ್ನು ಇಲ್ಲಿ ಬದಲಿಸಿ ಕೊಡುವುದಿಲ್ಲ. ಥಿಯರಿ, ಪಾಠ, ಪರೀಕ್ಷೆ ಎಲ್ಲ ಮೊದಲಿಂದ. ಹೊಸದಾಗಿ ಬಂದವರು ಇದನ್ನು ಮುಂದೂಡಬೇಡಿ.) ಡಿಂಗಲ್ ಹತ್ತಿರ ಒಂದು ತಿರುವಿನಲ್ಲಿ ಟೂರಿಸ್ಟ್ ಬಸ್ ಎದುರಾಯಿತು. ಹಿಂದೆ ಹಿಂದೆ ಬಂದು ಜಾಗ ಬಿಡುವಾಗ ಎಡಗಡೆಯ ಕನ್ನಡಿ ಬೇಲಿಯ ಕಲ್ಲಿಗೆ ತಾಗಿ ಒಡೆಯಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಆಗಲೇ ಎರಡು ಸಲ ವಾಂತಿ ಮಾಡಿಕೊಂಡಿದ್ದರು.

ಡಿಂಗಲ್ ಸೇರಿದಾಗ ಮಧ್ಯಾಹ್ನ ಎರಡೂವರೆ. ಬಂದರಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಕೂತು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು. ಅಮ್ಮ ಮೊಸರನ್ನ ಎರಡು ತುತ್ತು. ಸ್ಲೇ ಹೆಡ್ ನೋಡಲಿಲ್ಲ. ಕೊನೆಯ ಫೆರ್ರಿ ತಪ್ಪಿದರೆ ಲಿಮ್ರಿಕ್ ಸುತ್ತಿಕೊಂಡು ಬರಬೇಕಲ್ಲ ಅನ್ನುವ ಭಯಕ್ಕೆ ಹಾಗೇ ತಿರುಗಿಸಿದೆವು. ರಾತ್ರಿ ಅಮ್ಮ ಹಾಸಿಗೆ ಹಾಸಿಕೊಳ್ಳುತ್ತಾ ಹೇಳಿದರು: "ನಾಳೆಯಿಂದ ನೀವು ಮೂರು ಜನ ಹೋಗ್ಬನ್ನಿ ಕಣಪ್ಪ. ನಾನು ಇಲ್ಲೇ ಇರ್ತೀನಿ. ನನ್ನಿಂದ ಮಗೂಗೂ ನೋಡೋದು ತಪ್ಪೋಯ್ತು." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅಮ್ಮ ಸಮಾಧಾನವಾಗಿಯೇ ಹೇಳಿದರು. ಯಾರಿಗೋಸ್ಕರ ಹೊರಟಿದ್ದೆವೋ ಅವರೇ ಮನೆಯಲ್ಲಿ ಉಳಿಯುತ್ತೇನೆ ಅಂದಮೇಲೆ ಆ ಶೀಟ್ ಇಟ್ಟುಕೊಂಡು ಏನು ಮಾಡೋದು?

ರಾತ್ರಿ ಮಗಳು ಮಲಗಿದ ಮೇಲೆ ಗಂಡ ಹೆಂಡತಿ ಕೂತು ಎಲ್ಲ ಅಳಿಸಿ ಹೊಸದಾಗಿ ಬರೆದೆವು. ಹೋಗುವ ದಾರಿ ಒಂದು ಗಂಟೆ ಮೀರಬಾರದು. ಮ್ಯಾಪ್ ಒಂದು ಗಂಟೆ ಅಂದರೆ ನಾವು ಒಂದೂವರೆ ಹಿಡಿಯೋದು. ಆಫೀಸಿನಲ್ಲಿ ಬಾರದ ಸಾಲಕ್ಕೆ ಪ್ರಾವಿಷನ್ ಇಡುತ್ತೇವಲ್ಲ, ಹಾಗೆ. ಒಂದು ದಿನ ಸುತ್ತಿದರೆ ಮರುದಿನ ಮಧ್ಯಾಹ್ನದವರೆಗೆ ಮನೆಯಲ್ಲೇ. ಅಮ್ಮ ಮುಂದಿನ ಸೀಟಿನಲ್ಲಿ. ಬೆಳಿಗ್ಗೆ ಅವಸರ ಬೇಡ, ಯಾಕೆಂದರೆ ಜೂನ್‌ನಲ್ಲಿ ಪಶ್ಚಿಮದ ಕಡೆ ಸೂರ್ಯ ಮುಳುಗೋದು ರಾತ್ರಿ ಹತ್ತಕ್ಕೆ. (ಇದೇ ಯೋಜನೆಯನ್ನು ಡಿಸೆಂಬರಿನಲ್ಲಿ ಮಾಡಬೇಡಿ, ನಾಲ್ಕೂವರೆಗೆಲ್ಲ ಕತ್ತಲು.) ಇನ್ನೊಂದು, ಸ್ಥಳದ ಹೆಸರು ಟೈಪ್ ಮಾಡಿ ನಂಬಬೇಡಿ, ಒಂದೇ ಹೆಸರಿನ ಊರು ನಾಲ್ಕಿರುತ್ತವೆ. 2015ರಿಂದ ಪ್ರತಿ ಮನೆಗೂ ಬೇರೆಬೇರೆ ಏಳು ಅಕ್ಷರದ ಏರ್‌ಕೋಡ್ ಇದೆ, ಅದನ್ನೇ ಹಾಕಿ.

ಎರಡನೇ ಪ್ರಯಾಣ ಬರೆನ್. ಐರಿಷ್‌ನಲ್ಲಿ ಆ ಹೆಸರಿಗೆ ಕಲ್ಲಿನ ಜಾಗ ಅಂತಲೇ ಅರ್ಥ. ಸುಣ್ಣದಕಲ್ಲಿನ ಬೂದುಬಣ್ಣದ ಹಾಸು, ಬೆಟ್ಟದ ಮೇಲಿಂದ ಕೆಳಗಿನವರೆಗೆ. ಬಿರುಕಿನಲ್ಲಿ ಮಾತ್ರ ಪುಟ್ಟ ಪುಟ್ಟ ಹೂವು. ಪೌಲ್ನಬ್ರೋನ್‌ನಲ್ಲಿ ರಸ್ತೆಯಿಂದ ಸ್ವಲ್ಪವೇ ನಡೆದರೆ 5,000 ವರ್ಷಕ್ಕೂ ಹಿಂದಿನ ಕಲ್ಲಿನ ಸಮಾಧಿ ಇದೆ. ನಿಲ್ಲಿಸಿದ ಕಲ್ಲುಗಳ ಮೇಲೆ ಒಂದು ಚಪ್ಪಡಿ. 1986ರಲ್ಲಿ ಅಗೆದಾಗ 30ಕ್ಕೂ ಹೆಚ್ಚು ಜನರ ಮೂಳೆ ಸಿಕ್ಕವಂತೆ. ಅಮ್ಮ ನೋಡಿ, "ಗದ್ದೆಬಯಲಲ್ಲಿ ಹೂಡಿದ ಒಲೆ ಇದ್ದಂಗೈತೆ" ಅಂದರು. ಮಗಳು ಅಲ್ಲಿಂದ ವಾರವಿಡೀ ಅದನ್ನು ಅಜ್ಜಿ ಒಲೆ ಅಂತಲೇ ಕರೆದಳು.

ಅಮ್ಮನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ ವಿಷಯ. ತಿಪಟೂರಿನ ಕಡೆ ಮನೆಯಲ್ಲಿ ಈಗಲೂ ಎರಡು ಹಸು ಕಟ್ಟಿರುವವರು ಅವರು. ಎಲ್ಲ ಕಡೆ ದನ ಬೇಸಿಗೆಗೆ ಬೆಟ್ಟ ಹತ್ತಿ ಚಳಿಗೆ ಇಳಿದರೆ ಬರೆನ್‌ನಲ್ಲಿ ಉಲ್ಟಾ. ಇಲ್ಲಿಯ ಕಲ್ಲು ಬೇಸಿಗೆಯ ಬಿಸಿಲು ಹೀರಿಟ್ಟುಕೊಂಡು ಚಳಿಗಾಲದಲ್ಲಿ ನೆಲವನ್ನು ಬೆಚ್ಚಗಿಡುತ್ತೆ, ನೀರೂ ನಿಲ್ಲುವುದಿಲ್ಲ. ಹಾಗಾಗಿ ಅಕ್ಟೋಬರ್ ಸುಮಾರಿಗೆ ದನಗಳನ್ನು ಮೇಲಕ್ಕೆ ಅಟ್ಟುತ್ತಾರೆ. ಅವು ಮೇಯುವುದರಿಂದಲೇ ವಸಂತದಲ್ಲಿ ಹೂವಿಗೆ ಜಾಗ. ಇದನ್ನು ಹೇಳಿದಾಗ ಅಮ್ಮನಿಂದ ಪ್ರಶ್ನೆಗಳ ಸುರಿಮಳೆ: ನೀರು ಎಲ್ಲಿಂದ, ಕರು ಹಾಕಿದರೆ ಯಾರು ನೋಡ್ತಾರೆ, ಹಾಲು ಕರೆಯೋರು ಯಾರು. ಅಷ್ಟು ಮಾತು ಎರಡು ತಿಂಗಳಲ್ಲಿ ಆಡಿರಲಿಲ್ಲ. ಇಲ್ಲಿನ ಕಿರುದಾರಿಗೆ ಬೋಹರೀನ್ ಅಂತಾರೆ, ದಾರಿ ಅನ್ನುವ ಆ ಪದ ಹುಟ್ಟಿದ್ದೇ ಹಸು ಅನ್ನುವ ಅರ್ಥದ 'ಬೋ'ದಿಂದ ಅಂದೆವು. "ಹಂಗಾದ್ರೆ ನಮ್ ಗೋವೇ" ಅಂದರು. ಭಾಷಾಶಾಸ್ತ್ರದವರೂ ಅವೆರಡಕ್ಕೂ ಮೂಲ ಒಂದೇ ಅನ್ನುತ್ತಾರೆ.

ಮುಂದಿನ ಸೀಟಿನಲ್ಲಿ ಕೂತಮೇಲೆ ಅಮ್ಮ ಇನ್ನೊಂದು ಕಂಡುಹಿಡಿದರು. ಹಳ್ಳಿದಾರಿಯಲ್ಲಿ ಎದುರು ಬರುವ ಪ್ರತಿಯೊಬ್ಬರೂ ಸ್ಟೀರಿಂಗ್‌ನಿಂದ ಒಂದು ಬೆರಳು ಎತ್ತುತ್ತಾರೆ. ಪರಿಚಯ ಬೇಕಿಲ್ಲ. ಮೊದಲು "ಯಾರಪ್ಪ ಅದು, ನಿನಗೆ ಗೊತ್ತಿರೋರಾ?" ಅಂತ ಕೇಳುತ್ತಿದ್ದರು. ಮೂರನೇ ದಿನದಿಂದ ಅವರೇ ಕೈ ಎತ್ತತೊಡಗಿದರು, ಟ್ರ್ಯಾಕ್ಟರಿಗೆ ಎರಡೂ ಕೈ.

ಆ ದಿನ ಬ್ಯಾಲಿವಾನ್‌ನಿಂದ ಸಮುದ್ರ ಬದಿಯ ರಸ್ತೆ ಹಿಡಿದು ಫ್ಯಾನೋರ್, ಡೂಲಿನ್ ಮೇಲೆ ಸಂಜೆಗೆ ಕ್ಲಿಫ್ಸ್ ಆಫ್ ಮೋಹರ್ ಸೇರಿದೆವು. ಒಟ್ಟು ಸುತ್ತು ನೂರು ಕಿ.ಮೀ. ಒಳಗೆ. ಇದೇ ಸುತ್ತನ್ನು ಡೂಲಿನ್ ಕಡೆಯಿಂದ ಶುರುಮಾಡಿದರೆ ಸಮುದ್ರ ನಿಮ್ಮ ಎಡಕ್ಕೇ ಸಿಗುತ್ತೆ, ಪಕ್ಕದ ಸೀಟಿನವರಿಗೆ ಚೆನ್ನ. ನಾವು ಬಿಟ್ಟಿದ್ದು ಸಂಜೆಯ ಆಸೆಗೆ. ಡಬ್ಲಿನ್ನಿನ ಬಸ್ಸುಗಳೆಲ್ಲ ಹೋಗಿರುತ್ತವೆ, ಬಿಸಿಲು ನೇರ ಬಂಡೆಗೆ ಬೀಳುತ್ತೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ. 214 ಮೀಟರ್ ಎತ್ತರದ ಬಂಡೆ ಅಂತ ಹೇಳಿಕೊಂಡು ಹೋದ ನಮಗೆ ಅಮ್ಮ ಸೆರಗು ಬಿಗಿಹಿಡಿದು, ಗಾಳಿಗೆ ಮುಖ ಕೊಟ್ಟು ಅರ್ಧ ಗಂಟೆ ಸುಮ್ಮನೆ ನಿಂತದ್ದೇ ಹೆಚ್ಚು ನೆನಪಿದೆ.

ಮಿಕ್ಕಿದ್ದು ಚಿಕ್ಕ ಚಿಕ್ಕ ಓಡಾಟ. ಲೂಪ್ ಹೆಡ್‌ಗೆ ಒಂದು ಗಂಟೆಯ ನಿಯಮ ಮುರಿದೆವು, ಆದರೆ ಕಿಲ್ಕೀಯಲ್ಲಿ ಎರಡು ಗಂಟೆ ಕಾಲು ಚಾಚಿ ಕೂತು ಹೋದೆವು. ಗೋರ್ಟ್ ಹತ್ತಿರದ ಕೂಲ್ ಪಾರ್ಕ್ ಹಿರಿಯರಿಗೆ ಹೇಳಿಮಾಡಿಸಿದ ಜಾಗ: ಸಮತಟ್ಟು ದಾರಿ, ಪ್ರವೇಶ ಉಚಿತ, ಲೇಡಿ ಗ್ರೆಗರಿಯ ಕಾಲದಲ್ಲಿ ಯೇಟ್ಸ್, ಶಾ ತಮ್ಮ ಹೆಸರಿನ ಮೊದಲಕ್ಷರ ಕೆತ್ತಿದ ಮರ. ಗೋರ್ಟ್ ಪೇಟೆಯಲ್ಲಿ ಬ್ರೆಜಿಲಿನವರ ಅಂಗಡಿ ಕಂಡು ಅಮ್ಮನಿಗೆ ಆಶ್ಚರ್ಯ. ಮಾಂಸದ ಕಾರ್ಖಾನೆಗಳ ಕೆಲಸಕ್ಕೆ ಇಪ್ಪತ್ತೈದು ವರ್ಷದ ಹಿಂದೆ ಬಂದವರು, ಇಲ್ಲೇ ನಿಂತರು ಅಂದೆವು. "ಅವರ ಅಮ್ಮಂದಿರೂ ಬಂದು ಹೋಗ್ತಾರಾ?" ಅಂದರು. ಉತ್ತರ ಹೇಳಲು ತೋಚಲಿಲ್ಲ.

ಕನ್ನಡಿ ಹಾಕಿಸಲು ಆದ ಖರ್ಚು ಎರಡು ದಿನದ ಬಾಡಿಗೆಗೆ ಸಮ. ಹಳ್ಳಿದಾರಿಗೆ ಹೊರಡುವ ಮುನ್ನ ಇನ್ಶೂರೆನ್ಸ್ ಕಾಗದದಲ್ಲಿ ಕನ್ನಡಿ, ಟಯರ್, ಗಾಜು ಎಂಬ ಸಾಲುಗಳನ್ನು ಓದಿಕೊಳ್ಳಿ, ಬಾಡಿಗೆ ಕಾರಾದರೆ ಎರಡು ಸಲ ಓದಿ. ಡಿಂಗಲ್ ನಮಗಿನ್ನೂ ಬಾಕಿ. ಮುಂದಿನ ಸಲ ಕೆರ್ರಿಯಲ್ಲೇ ಮನೆ ಹಿಡಿಯುವುದು ಅಂತ ಆಗಿದೆ. ಅಮ್ಮ ಜುಲೈನಲ್ಲಿ ಊರಿಗೆ ಹೋದರು. ಮೊನ್ನೆ ಫೋನ್ ಮಾಡಿದಾಗ ಮೊದಲು ಕೇಳಿದ್ದು, "ಆ ಕಲ್ಲುಗುಡ್ಡಕ್ಕೆ ದನ ಹತ್ತಿಸಿದ್ರಂತಾ?" ಅಂತ. ಇನ್ನೂ ಸೆಪ್ಟೆಂಬರ್ ಅಮ್ಮ, ಮುಂದಿನ ತಿಂಗಳು ಅಂದೆವು.